ಬಿಳಿ ಸ್ಪ್ರೂಸ್ ಮತ್ತು ಅದರ 'ಉಪಯೋಗಗಳು': ಒಂದು ಕೈಪಿಡಿಯ ವಿಮರ್ಶೆ

'ಈ ಮರದ ನಾಲ್ಕು ಉಪಯೋಗಗಳನ್ನು ಬರೆಯಿರಿ.' ಪ್ರಶ್ನೆಪತ್ರಿಕೆಗಳಲ್ಲಿ ನಾವೆಲ್ಲ ಕಂಡಿರುವ ಪ್ರಶ್ನೆ ಇದು. ವಿದ್ಯಾರ್ಥಿ ಸೌದೆ, ಪೀಠೋಪಕರಣ, ಕಾಗದ, ಔಷಧ ಎಂದು ಬರೆಯುತ್ತಾನೆ. ಪೂರ್ಣ ಅಂಕಗಳು ಸಿಗುತ್ತವೆ. ಮರದ ಹೆಸರನ್ನು ಬದಲಿಸಿದರೂ ಈ ಉತ್ತರವನ್ನು ಬದಲಿಸಬೇಕಾದ ಅಗತ್ಯ ಬೀಳುವುದಿಲ್ಲ. ಎಲ್ಲ ಮರಗಳಿಗೂ ಹೊಂದುವ ಉತ್ತರ ಯಾವ ಮರದ ಬಗೆಗೂ ಏನನ್ನೂ ತಿಳಿಸುವುದಿಲ್ಲ ಎಂಬುದನ್ನು ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಶಾಲಾ ಪಠ್ಯದ ದೋಷ ಮಾತ್ರವೇ? ಅಥವಾ ವೃತ್ತಿನಿರತ ವಿಜ್ಞಾನಿಗಳ ಬರವಣಿಗೆಯಲ್ಲೂ ಇದರ ಬೇರು ಇದೆಯೇ? ಇದನ್ನು ಪರಿಶೀಲಿಸಲು ಉತ್ತರ ಅಮೆರಿಕದ ಬಿಳಿ ಸ್ಪ್ರೂಸ್ ಮರವನ್ನೂ ಅದನ್ನು ಕುರಿತ ಒಂದು ಪ್ರಸಿದ್ಧ ಬರಹವನ್ನೂ ಇಲ್ಲಿ ಆರಿಸಿಕೊಂಡಿದೆ. ನಮ್ಮ ನಾಡಿನಲ್ಲಿ ಬೆಳೆಯದ ಮರವನ್ನು ಆರಿಸಿಕೊಳ್ಳಲು ಕಾರಣವಿದೆ. ಬೇವು, ಹಲಸುಗಳ ಬಗ್ಗೆ ಓದುವಾಗ ಬರಹದಲ್ಲಿ ಬಿಟ್ಟುಹೋದದ್ದನ್ನು ನಮ್ಮ ಅನುಭವವೇ ತುಂಬಿಕೊಡುತ್ತದೆ. ಕಾಣದ ಮರದ ವಿಷಯದಲ್ಲಿ ಬರಹವೊಂದೇ ಆಧಾರ. ಹಾಗಾಗಿ ಅದರ ಕೊರತೆಗಳು ಬೇಗ ಕಣ್ಣಿಗೆ ಬೀಳುತ್ತವೆ.

ಕೈಪಿಡಿ ಮತ್ತು ಅದರ ಗುಣ

ಅಮೆರಿಕ ಸಂಯುಕ್ತ ಸಂಸ್ಥಾನದ ಕೃಷಿ ಇಲಾಖೆಯ ಅರಣ್ಯ ಸೇವೆ 1990ರಲ್ಲಿ 'ಸಿಲ್ವಿಕ್ಸ್ ಆಫ್ ನಾರ್ತ್ ಅಮೆರಿಕ' ಎಂಬ ಕೈಪಿಡಿಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿತು. ರಸೆಲ್ ಬರ್ನ್ಸ್ ಮತ್ತು ಬಾರ್ಬರ ಹೊಂಕಾಲ ಇದರ ತಾಂತ್ರಿಕ ಸಂಯೋಜಕರು. ಮೊದಲನೆಯ ಸಂಪುಟ ಸೂಚಿಪರ್ಣಿ ಮರಗಳಿಗೆ ಮೀಸಲು. ಅದರಲ್ಲಿ ಬಿಳಿ ಸ್ಪ್ರೂಸ್ ಕುರಿತ ಅಧ್ಯಾಯವನ್ನು ಬರೆದವರು ಹಾನ್ಸ್ ನೀನ್‌ಸ್ಟೆಡ್ ಮತ್ತು ಜಾನ್ ಜಸಾಡ. ಈ ಮರದ ಬಗ್ಗೆ ಅನಂತರ ಬಂದ ಅನೇಕ ಲೇಖನಗಳು ಈ ಅಧ್ಯಾಯವನ್ನೇ ಆಧರಿಸಿವೆ.

ಅಧ್ಯಾಯದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಬಿಳಿ ಸ್ಪ್ರೂಸ್‌ನ ವೈಜ್ಞಾನಿಕ ಹೆಸರು ಪೈಸಿಯ ಗ್ಲಾಕ. ಸೂಜಿಯಂಥ ಎಲೆಗಳ ಮೇಲಿನ ನೀಲಿ ಮಿಶ್ರಿತ ಬೂದು ಛಾಯೆಯಿಂದ 'ಗ್ಲಾಕ' ಎಂಬ ಪದ ಬಂದಿದೆ. ಪೂರ್ವದಲ್ಲಿ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್‌ಗಳಿಂದ ಪಶ್ಚಿಮದಲ್ಲಿ ಅಲಾಸ್ಕದವರೆಗೆ ಇಡೀ ಖಂಡದ ಅಗಲಕ್ಕೂ ಇದು ಹರಡಿದೆ. ಉತ್ತರದಲ್ಲಿ ಸುಮಾರು 69 ಡಿಗ್ರಿ ಅಕ್ಷಾಂಶದವರೆಗೆ, ಎಂದರೆ ಆರ್ಕ್ಟಿಕ್ ಸಾಗರದ ಸಮೀಪದವರೆಗೆ ಹೋಗುತ್ತದೆ. ಇದರ ಉತ್ತರ ಎಲ್ಲೆಯ ಒಂದು ನೆಲೆಯಲ್ಲಿ ಜನವರಿಯ ಉಷ್ಣತೆ ಮೈನಸ್ 54 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದೂ ಜುಲೈನಲ್ಲಿ 34 ಡಿಗ್ರಿಗೆ ಏರಿದ್ದೂ ದಾಖಲಾಗಿದೆ. ಒಳ್ಳೆಯ ನೆಲದಲ್ಲಿ ಮರ 30 ಮೀಟರಿಗೂ ಎತ್ತರ ಬೆಳೆಯುತ್ತದೆ. ಬೀಜವಾದರೋ ಬಹು ಚಿಕ್ಕದು. ಒಂದು ಕಿಲೋಗ್ರಾಮಿಗೆ ಸರಾಸರಿ ಐದು ಲಕ್ಷ ಬೀಜಗಳು ತೂಗುತ್ತವೆ. ಹೇರಳವಾಗಿ ಬೀಜ ಬಿಡುವ ವರ್ಷಗಳ ನಡುವೆ ಹಲವು ವರ್ಷಗಳ ಅಂತರವಿರುತ್ತದೆ.

ಇಂಥ ವಿವರಗಳನ್ನು ಆಧಾರಸಹಿತ ಕೊಡುವುದರಲ್ಲಿ ಅಧ್ಯಾಯ ಮಾದರಿಯಾಗಿದೆ. ನೆಲೆ, ಹವೆ, ಮಣ್ಣು, ಸಂತಾನೋತ್ಪತ್ತಿ, ಬೆಳವಣಿಗೆ, ಹಾನಿಕಾರಕಗಳು, ವಿಶೇಷ ಉಪಯೋಗಗಳು, ತಳಿವಿಜ್ಞಾನ ಎಂದು ಕ್ರಮವಾಗಿ ಸಾಗುತ್ತದೆ. ತೊಡಕು ಇರುವುದು 'ಉಪಯೋಗ'ದ ವಿಷಯದಲ್ಲಿ. ಬೇರೆ ವಿಭಾಗಗಳಲ್ಲಿ 'ಹೇಗೆ', 'ಏಕೆ', 'ಯಾವ ಸನ್ನಿವೇಶದಲ್ಲಿ' ಎಂದು ಕೇಳುವ ಲೇಖಕರು ಇಲ್ಲಿಗೆ ಬಂದೊಡನೆ ಪಟ್ಟಿ ಮಾಡುವವರಾಗುತ್ತಾರೆ.

ಗುಣದಿಂದ ಉಪಯೋಗಕ್ಕೆ

ಮರ ಹಗುರ, ಎಳೆ ನೇರ, ಬಾಗಿದರೂ ಹಿಂದಿನ ಸ್ಥಿತಿಗೆ ಮರಳುವ ಗುಣ ಉಂಟು. ಮುಖ್ಯವಾಗಿ ಕಾಗದದ ತಿರುಳಿಗೂ ಸಾಮಾನ್ಯ ಕಟ್ಟಡ ಕೆಲಸಕ್ಕೂ ಬಳಕೆಯಾಗುತ್ತದೆ. ಅಧ್ಯಾಯದ ಆರಂಭದಲ್ಲೇ ಬರುವ ಮಾತುಗಳ ಸಾರಾಂಶ ಇದು. ಎಲ್ಲವೂ ನಿಜ. ಆದರೆ ಗುಣ ಒಂದು ವಾಕ್ಯದಲ್ಲಿ, ಉಪಯೋಗ ಇನ್ನೊಂದು ವಾಕ್ಯದಲ್ಲಿ ನಿಂತಿವೆ. ಇವೆರಡರ ನಡುವಿನ ಸಂಬಂಧವನ್ನು ಓದುಗನೇ ಊಹಿಸಿಕೊಳ್ಳಬೇಕು. ವಿದ್ಯಾರ್ಥಿಗೆ ಬೇಕಾದುದು ಆ ಸಂಬಂಧವೇ.

ಕಾಗದವನ್ನೇ ನೋಡೋಣ. ಸ್ಪ್ರೂಸ್ ಅನಾವೃತಬೀಜ ಸಸ್ಯ. ಅದರ ದಾರುವಿನಲ್ಲಿ ತೇಗ, ನೀಲಗಿರಿಗಳಲ್ಲಿರುವಂಥ ಅಗಲವಾದ ನೀರ್ನಾಳಗಳಿಲ್ಲ. ನೀರನ್ನು ಸಾಗಿಸುವ ಕೆಲಸ, ಮರವನ್ನು ಎತ್ತಿ ನಿಲ್ಲಿಸುವ ಕೆಲಸ ಎರಡನ್ನೂ ಬಹುಪಾಲು ಟ್ರೇಕೀಡ್ ಎಂಬ ಒಂದೇ ಬಗೆಯ ನೀಳ ಕೋಶಗಳು ಮಾಡುತ್ತವೆ. ಸ್ಪ್ರೂಸ್‌ನ ಟ್ರೇಕೀಡ್ ಸುಮಾರು 3 ಮಿಲಿಮೀಟರ್ ಉದ್ದವಿರುತ್ತದೆ. ನೀಲಗಿರಿಯ ನಾರು ಸುಮಾರು 1 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ಉದ್ದ ನಾರುಗಳು ಒಂದರೊಡನೊಂದು ಹೆಚ್ಚು ಕಡೆ ಹೆಣೆದುಕೊಳ್ಳುತ್ತವೆ; ಕಾಗದ ಸುಲಭವಾಗಿ ಹರಿಯುವುದಿಲ್ಲ. ನಮ್ಮ ದಾಂಡೇಲಿ, ಭದ್ರಾವತಿಗಳ ಕಾಗದದ ಉದ್ಯಮ ಬಿದಿರನ್ನು ನೆಚ್ಚಿ ಬೆಳೆದುದರ ಹಿಂದೆಯೂ ಇದೇ ತರ್ಕವಿದೆ. ನಮ್ಮಲ್ಲಿ ಉದ್ದ ನಾರಿನ ಸೂಚಿಪರ್ಣಿ ಕಾಡುಗಳಿರಲಿಲ್ಲ. ಬಿದಿರಿನ ನಾರು ನೀಲಗಿರಿಯದಕ್ಕಿಂತ ಉದ್ದವಾದದ್ದು. ಹೀಗೆ ವಿವರಿಸಿದಾಗ 'ಕಾಗದಕ್ಕೆ ಉಪಯೋಗ' ಎಂಬ ಎರಡು ಪದಗಳು ಅಂಗರಚನೆಯ ಒಂದು ಪಾಠವಾಗುತ್ತವೆ.

ಇಲ್ಲಿ ಪರಿಭಾಷೆಯ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನ 'ಸಾಫ್ಟ್‌ವುಡ್', 'ಹಾರ್ಡ್‌ವುಡ್' ಪದಗಳನ್ನು ನಾವು 'ಮೃದುಮರ', 'ಗಟ್ಟಿಮರ' ಎಂದು ಅನುವಾದಿಸಿಕೊಂಡಿದ್ದೇವೆ. ವಿದ್ಯಾರ್ಥಿ ಇದನ್ನು ಉಗುರಿನಿಂದ ಒತ್ತಿ ನೋಡುವ ಮೃದುತ್ವವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಈ ವಿಂಗಡಣೆ ಸಸ್ಯವರ್ಗಕ್ಕೆ ಸಂಬಂಧಿಸಿದ್ದು. ಅತ್ಯಂತ ಹಗುರವೂ ಮೃದುವೂ ಆದ ಬಾಲ್ಸ ಮರ ಈ ಲೆಕ್ಕದಲ್ಲಿ 'ಗಟ್ಟಿಮರ'; ಬಿಲ್ಲು ಮಾಡುತ್ತಿದ್ದ ಗಟ್ಟಿಯಾದ ಯೂ ಮರ 'ಮೃದುಮರ'! ಸೂಚಿಪರ್ಣಿಗಳ ದಾರು, ಅಗಲ ಎಲೆಯ ಮರಗಳ ದಾರು ಎಂದು ಹೇಳಿದರೆ ಗೊಂದಲವಿರುವುದಿಲ್ಲ.

ಭೂತಕಾಲಕ್ಕೆ ಸರಿದ ಜನ

'ವಿಶೇಷ ಉಪಯೋಗಗಳು' ಎಂಬ ವಿಭಾಗ ಬರುವುದು ಅಧ್ಯಾಯದ ಕೊನೆಯ ಭಾಗದಲ್ಲಿ. ಅಲಾಸ್ಕದ ಒಳನಾಡಿನ ಮೂಲನಿವಾಸಿಗಳಿಗೆ ಇದು ಅತಿ ಮುಖ್ಯ ಮರವಾಗಿತ್ತು, ತೊಗಟೆಯಿಂದ ಬೇಸಗೆಯ ವಸತಿಗಳಿಗೆ ಹೊದಿಕೆ, ಬೇರಿನಿಂದ ಬುಟ್ಟಿ-ದೋಣಿಗಳಿಗೆ ಹೊಲಿಗೆ, ರೆಂಬೆಗಳಿಂದ ಹಾಸಿಗೆ, ರಾಳದಿಂದ ಮತ್ತು ಎಲೆಯ ಕಷಾಯದಿಂದ ಔಷಧ ಮಾಡುತ್ತಿದ್ದರು ಎಂದು ಅಲ್ಲಿ ಹೇಳಿದೆ. ಈ ಮಾಹಿತಿಯನ್ನು ಸೇರಿಸಿದ್ದಕ್ಕೆ ಲೇಖಕರನ್ನು ಮೆಚ್ಚಬೇಕು. ಆದರೆ ಕ್ರಿಯಾಪದಗಳನ್ನು ಗಮನಿಸಿ. ತಿರುಳು, ಹಲಗೆಗಳ ಬಳಕೆ ವರ್ತಮಾನದಲ್ಲಿದೆ. ಮೂಲನಿವಾಸಿಗಳ ಬಳಕೆ ಭೂತಕಾಲದಲ್ಲಿದೆ. ಕಾರ್ಖಾನೆಯದು ವಿಜ್ಞಾನ, ಹಳ್ಳಿಯದು ಚರಿತ್ರೆ ಎಂಬ ಭಾವನೆ ಓದುಗನ ಮನಸ್ಸಿನಲ್ಲಿ ತಾನಾಗಿಯೇ ಬೇರೂರುತ್ತದೆ. ಆದರೆ ಸ್ಪ್ರೂಸ್ ಬೇರಿನಿಂದ ಬುಟ್ಟಿ, ದೋಣಿ ಹೊಲಿಯುವ ಕುಶಲಿಗಳು ಅಲಾಸ್ಕ, ಕೆನಡಗಳಲ್ಲಿ ಇಂದಿಗೂ ಇದ್ದಾರೆ.

ಈ ಬಳಕೆಗಳ ಹಿಂದಿನ ತಿಳಿವಳಿಕೆಯೂ ಕಡಿಮೆಯದಲ್ಲ. ಭೂರ್ಜ ಜಾತಿಯ ಬರ್ಚ್ ಮರದ ತೊಗಟೆಯಿಂದ ದೋಣಿ ಮಾಡುವಾಗ ತುಂಡುಗಳನ್ನು ಜೋಡಿಸಲು ಮೊಳೆ ಆಗದು, ತೊಗಟೆ ಸೀಳಿಹೋಗುತ್ತದೆ. ಸ್ಪ್ರೂಸ್‌ನ ಸಣ್ಣ ಬೇರುಗಳು ನೆಲದ ಮೇಲ್ಪದರದಲ್ಲೇ ಉದ್ದಕ್ಕೆ ಹರಿದಿರುತ್ತವೆ. ಅವನ್ನು ಕಿತ್ತು, ಸಿಪ್ಪೆ ತೆಗೆದು, ಉದ್ದುದ್ದ ಸೀಳಿ, ನೀರಿನಲ್ಲಿ ನೆನೆಸಿದರೆ ಬಳುಕುವ ಹೊಲಿಗೆಯ ದಾರ ಸಿದ್ಧ. ಹೊಲಿಗೆಯ ತೂತುಗಳಲ್ಲಿ ನೀರು ಬಾರದಂತೆ ಸ್ಪ್ರೂಸ್ ಅಂಟನ್ನು ಕಾಯಿಸಿ ಬಳಿಯುತ್ತಾರೆ. ಬರೀ ಅಂಟು ಚಳಿಗೆ ಬಿರಿಯುತ್ತದೆ. ಆದ್ದರಿಂದ ಅದಕ್ಕೆ ಕೊಬ್ಬನ್ನು ಸೇರಿಸುವುದು ವಾಡಿಕೆ. ಇದು ಬೆರಕೆಯ ಪ್ರಮಾಣವನ್ನು ಅನುಭವದಿಂದ ನಿರ್ಧರಿಸಿಕೊಂಡ ದ್ರವ್ಯವಿಜ್ಞಾನ. ಕೈಪಿಡಿಯ ಪಟ್ಟಿಯಲ್ಲಿ ಇದು 'ಬೇರು: ಹೊಲಿಗೆಗೆ' ಎಂಬಷ್ಟಕ್ಕೆ ಕುಗ್ಗಿದೆ.

ಮೆಚ್ಚುಗೆಯ ಭರದಲ್ಲಿ ಎದುರು ದಿಕ್ಕಿನ ತಪ್ಪು ಮಾಡುವುದೂ ಸಲ್ಲದು. 1535-36ರ ಚಳಿಗಾಲದಲ್ಲಿ ಇಂದಿನ ಕ್ವಿಬೆಕ್ ಬಳಿ ಬೀಡುಬಿಟ್ಟ ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೆಯ ತಂಡದಲ್ಲಿ 25 ಜನ ಸ್ಕರ್ವಿ ರೋಗದಿಂದ ಸತ್ತರು. ಸ್ಥಳೀಯನಾದ ಡೊಮಗಾಯ ತಿಳಿಸಿದಂತೆ 'ಅನ್ನೆಡ್ಡ' ಎಂಬ ಮರದ ಎಲೆ, ತೊಗಟೆಗಳ ಕಷಾಯ ಕುಡಿದು ಉಳಿದವರು ಚೇತರಿಸಿಕೊಂಡರು. ಆ ಮರ ಬಿಳಿ ಸ್ಪ್ರೂಸ್ ಎಂದು ನಿಸ್ಸಂಶಯವಾಗಿ ಬರೆಯುವವರಿದ್ದಾರೆ. ಸಸ್ಯವಿಜ್ಞಾನಿಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಥೂಜಾ ಮರವೆಂದು ಕೆಲವರು, ಬಾಲ್ಸಮ್ ಫರ್ ಎಂದು ಕೆಲವರು ವಾದಿಸಿದ್ದಾರೆ. ಈ ಸೂಚಿಪರ್ಣಿಗಳ ತಾಜಾ ಎಲೆಗಳಲ್ಲಿ ವಿಟಮಿನ್ ಸಿ ಇರುವುದು ನಿಜ. ಹೆಚ್ಚು ಹೊತ್ತು ಕುದಿಸಿದರೆ ಅದು ನಾಶವಾಗುವುದೂ ನಿಜ. 'ಔಷಧ' ಎಂದು ಬರೆಯುವ ಮುನ್ನ ಯಾವ ಪ್ರಭೇದ, ಯಾವ ಭಾಗ, ಹೇಗೆ ತಯಾರಿಸಿದ್ದು ಎಂದು ಕೇಳಲೇಬೇಕು. ನಮ್ಮ ಗಿಡಮೂಲಿಕೆಗಳ ಲೇಖನಗಳಿಗೂ ಈ ಮಾತು ಅನ್ವಯಿಸುತ್ತದೆ.

ಮರಕ್ಕೆ ತನ್ನದೇ ಉಪಯೋಗ

ಪಟ್ಟಿಯ ಇನ್ನೊಂದು ಕೊರತೆ ಎಂದರೆ, ಅದರಲ್ಲಿ ಮರ ಬರೀ ಕೊಡುತ್ತದೆ. ಮನುಷ್ಯನಿಗೆ ಉಪಯುಕ್ತವಾದ ವಸ್ತುವನ್ನು ಮರ ತನಗಾಗಿ ಏಕೆ ತಯಾರಿಸಿಕೊಂಡಿತು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಕೈಪಿಡಿ ಅಳಿಲು, ಸ್ಪ್ರೂಸ್ ಕೋಳಿ, ಮೊಲಗಳಿಗೆ ಈ ಕಾಡು ಆಸರೆಯಾಗಿರುವುದನ್ನು ದಾಖಲಿಸಿರುವುದು ಒಳ್ಳೆಯದೇ. ಮೊಲ ಈ ಕಾಡಿನಲ್ಲಿದ್ದರೂ ಬಿಳಿ ಸ್ಪ್ರೂಸನ್ನು ತಿನ್ನುವುದು ಅಪರೂಪ ಎಂದೂ ಹೇಳುತ್ತದೆ. ಅಷ್ಟಕ್ಕೇ ನಿಲ್ಲುತ್ತದೆ.

ಈ ಎಲೆಗಳನ್ನು ಹಿಸುಕಿದರೆ ಕೆಟ್ಟ ವಾಸನೆ ಬರುತ್ತದೆ. ಇದರಿಂದಲೇ ಈ ಮರಕ್ಕೆ 'ಬೆಕ್ಕಿನ ಸ್ಪ್ರೂಸ್', 'ಸ್ಕಂಕ್ ಸ್ಪ್ರೂಸ್' ಎಂಬ ಅಡ್ಡಹೆಸರುಗಳು ಬಂದಿವೆ. ಎಳೆಯ ಬಿಳಿ ಸ್ಪ್ರೂಸ್ ಗಿಡಗಳಲ್ಲಿ ಕರ್ಪೂರವಿರುತ್ತದೆ, ಅದು ಹಿಮಮೊಲಗಳನ್ನು ತಿನ್ನದಂತೆ ತಡೆಯುತ್ತದೆ ಎಂದು 1988ರಲ್ಲಿ ಸಿಂಕ್ಲೇರ್ ಮತ್ತು ಸಂಗಡಿಗರು ಪ್ರಕಟಿಸಿದರು. ನಾವು ಆರತಿ ಬೆಳಗುವ ವಸ್ತು ಅಲ್ಲಿ ಒಂದು ಎಳೆಯ ಗಿಡದ ರಕ್ಷಾಕವಚ. ರಾಳವೂ ಹಾಗೆಯೇ. ದೋಣಿಗೆ ಬಳಿಯುವ ಅಂಟು ಮರಕ್ಕೆ ಗಾಯ ಮುಚ್ಚುವ ಲೇಪನ, ತೊಗಟೆ ಕೊರೆಯುವ ದುಂಬಿಯನ್ನು ಹೊರದೂಡುವ ಆಯುಧ. ಈ ದುಂಬಿಯ ಕಥೆಯೇ ನಮ್ಮನ್ನು ಕೈಪಿಡಿಯ ದೊಡ್ಡ ಕೊರತೆಗೆ ಕರೆದೊಯ್ಯುತ್ತದೆ.

ಬದಲಾಗದೆಂದು ನಂಬಿದ ಹವೆ

ಕೈಪಿಡಿ ಸ್ಪ್ರೂಸ್ ದುಂಬಿಯನ್ನು ಹಾನಿಕಾರಕಗಳ ಸಾಲಿನಲ್ಲಿ ಹೆಸರಿಸುತ್ತದೆ. ಅದು ಪ್ರಕಟವಾದ ದಶಕದಲ್ಲೇ ಅಲಾಸ್ಕದ ಕೆನಾಯ್ ಪರ್ಯಾಯದ್ವೀಪ ಮತ್ತು ಸುತ್ತಲಿನ ಪ್ರದೇಶದಲ್ಲಿ ಈ ದುಂಬಿ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ವಿಸ್ತಾರದ ಸ್ಪ್ರೂಸ್ ಕಾಡಿನ ಮೇಲೆ ದಾಳಿ ಮಾಡಿತು. ಈ ಕೀಟದ ಜೀವನಚಕ್ರಕ್ಕೆ ಸಾಮಾನ್ಯವಾಗಿ ಎರಡು ವರ್ಷ ಬೇಕು. ಬೇಸಗೆ ಬೆಚ್ಚಗಿದ್ದರೆ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಆಗ ಸಂಖ್ಯೆ ಬಹುಬೇಗ ಏರುತ್ತದೆ. ನೀರಿನ ಕೊರತೆಯಿಂದ ಸೊರಗಿದ ಮರಕ್ಕೆ ಸಾಕಷ್ಟು ರಾಳ ಸುರಿಸಿ ಎದುರಿಸುವ ಶಕ್ತಿ ಇರುವುದಿಲ್ಲ. 2016ರಲ್ಲಿ ದಕ್ಷಿಣ-ಮಧ್ಯ ಅಲಾಸ್ಕದಲ್ಲಿ ಮತ್ತೊಂದು ಹಾವಳಿ ಆರಂಭವಾಯಿತು.

ಇನ್ನೂ ಗಂಭೀರವಾದ ಪ್ರಶ್ನೆಯನ್ನು ಎತ್ತಿದ್ದು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಾರ್ಬರ್, ಜುಡೆ ಮತ್ತು ಫಿನ್ನಿ ಪ್ರಕಟಿಸಿದ ಪ್ರಬಂಧ. ಚಳಿನಾಡಿನ ಮರಕ್ಕೆ ಬಿಸಿ ಹೆಚ್ಚಿದರೆ ಬೆಳವಣಿಗೆಯೂ ಹೆಚ್ಚಬೇಕೆಂಬುದು ಸಾಮಾನ್ಯ ನಿರೀಕ್ಷೆ. ಅಲಾಸ್ಕದ ಒಳನಾಡಿನ ಬಿಳಿ ಸ್ಪ್ರೂಸ್ ಮರಗಳ ವಾರ್ಷಿಕ ಉಂಗುರಗಳು ಬೇರೆಯದನ್ನೇ ಹೇಳಿದವು. ಬೆಚ್ಚಗಿನ ವರ್ಷಗಳಲ್ಲಿ ಬೆಳವಣಿಗೆ ಕುಂದಿತ್ತು. ಕಾರಣ ಬರದ ಒತ್ತಡ. ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಮಳೆ, ಹಿಮ ಸೇರಿ ವರ್ಷಕ್ಕೆ ಬೀಳುವುದು ಸುಮಾರು 300 ಮಿಲಿಮೀಟರ್ ಮಾತ್ರ. ಉಷ್ಣತೆ ಏರಿದಂತೆ ಎಲೆಯಿಂದ ನೀರು ಹೆಚ್ಚು ಆವಿಯಾಗುತ್ತದೆ. ಅದನ್ನು ತುಂಬಿಕೊಡುವಷ್ಟು ನೀರು ನೆಲದಲ್ಲಿಲ್ಲ.

ಇದರಿಂದ ಈ ಮರದ ಒಂದು ವೈಜ್ಞಾನಿಕ ಉಪಯೋಗಕ್ಕೇ ಧಕ್ಕೆ ಬಂದಿತು. ಉಪಕರಣಗಳಿಲ್ಲದ ಕಾಲದ ಉಷ್ಣತೆಯನ್ನು ಅಂದಾಜು ಮಾಡಲು ವಿಜ್ಞಾನಿಗಳು ಉತ್ತರದ ಮರಗಳ ಉಂಗುರಗಳನ್ನು ಓದುತ್ತಾರೆ. ಅಗಲವಾದ, ಸಾಂದ್ರವಾದ ಉಂಗುರವೆಂದರೆ ಬೆಚ್ಚಗಿನ ಬೇಸಗೆ ಎಂಬುದು ಈ ವಿಧಾನದ ತಳಹದಿ. ಬಿಸಿ ಒಂದು ಮಿತಿಯನ್ನು ದಾಟಿದಾಗ ಮರವೇ ಕುಗ್ಗುವುದಾದರೆ, ಆ ಉಷ್ಣತಾಮಾಪಕ ಎಲ್ಲಿಯವರೆಗೆ ನಂಬಲರ್ಹ? ಯಾವ ನೆಲೆಯ ಮರ, ಯಾವ ಅವಧಿ ಎಂದು ಪ್ರತಿ ಬಾರಿಯೂ ಪರೀಕ್ಷಿಸಬೇಕಾಗುತ್ತದೆ. ಉಪಯೋಗವೆಂಬುದು ಮರದೊಳಗೆ ಸ್ಥಿರವಾಗಿ ಕುಳಿತ ಗುಣವೆಂದು ಭಾವಿಸಿದರೆ ಇಂಥ ಎಡವಟ್ಟು ತಪ್ಪದು. ಅದು ಮರ, ನೆಲೆ, ಹವೆ, ಬಳಸುವವರು ಈ ನಾಲ್ಕರ ನಡುವಿನ ಸಂಬಂಧ. ಒಂದು ಬದಲಾದರೆ ಉಪಯೋಗವೂ ಬದಲಾಗುತ್ತದೆ.

ಇದೇ ಮರ ಇನ್ನೊಂದೆಡೆ ಮುನ್ನಡೆಯುತ್ತಿದೆ. ಅಲಾಸ್ಕದ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ ಬಿಳಿ ಸ್ಪ್ರೂಸ್ ದಶಕಕ್ಕೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಉತ್ತರದ ಟಂಡ್ರ ಬಯಲಿಗೆ ಹರಡುತ್ತಿರುವುದನ್ನು ರೋಮನ್ ಡಯಲ್ ಮತ್ತು ಸಂಗಡಿಗರು 2022ರಲ್ಲಿ ವರದಿ ಮಾಡಿದರು. ಹೊಸ ಕಾಡು ಇಂಗಾಲವನ್ನು ಹಿಡಿದಿಡುತ್ತದೆ, ಒಳ್ಳೆಯದೇ ಅಲ್ಲವೆ ಎನ್ನಬಹುದು. ಆದರೆ ಬಿಳಿಯ ಹಿಮ ಬಿಸಿಲನ್ನು ಪ್ರತಿಫಲಿಸುವ ಕಡೆ ಕಡುಹಸಿರು ಮರ ನಿಂತರೆ ಅದು ಬಿಸಿಲನ್ನು ಹೀರಿಕೊಳ್ಳುತ್ತದೆ. ಲಾಭ, ನಷ್ಟ ಎರಡನ್ನೂ ಎದುರುಬದುರು ಇಟ್ಟು ಲೆಕ್ಕ ಹಾಕಬೇಕು.

ಕಾಳ್ಗಿಚ್ಚಿನ ವಿಷಯವೂ ಇಷ್ಟೇ ಮುಖ್ಯ. 2023ರಲ್ಲಿ ಕೆನಡದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಪ್ರದೇಶ ಸುಟ್ಟಿತು. ಬಿಳಿ ಸ್ಪ್ರೂಸ್‌ನ ಸೋದರ ಪ್ರಭೇದವಾದ ಕಪ್ಪು ಸ್ಪ್ರೂಸ್ ತನ್ನ ಕಾಯಿಗಳಲ್ಲಿ ಬೀಜವನ್ನು ವರ್ಷಗಟ್ಟಲೆ ಕಾದಿರಿಸುತ್ತದೆ. ಬೆಂಕಿಯ ಅನಂತರ ಅವು ಉದುರಿ ಮೊಳೆಯುತ್ತವೆ. ಬಿಳಿ ಸ್ಪ್ರೂಸ್‌ಗೆ ಈ ಉಳಿತಾಯವಿಲ್ಲ. ಮಾಗಿದ ಕಾಯಿ ಅದೇ ವರ್ಷ ಬಿರಿದು ಬೀಜ ಚೆಲ್ಲುತ್ತದೆ. ಸುಟ್ಟ ಜಾಗಕ್ಕೆ ಅದು ಮರಳಬೇಕಾದರೆ ಹತ್ತಿರದಲ್ಲಿ ಉಳಿದ ತಾಯಿಮರವಿರಬೇಕು, ಅದು ಹೇರಳ ಬೀಜದ ವರ್ಷವಾಗಿರಬೇಕು, ಬೀಜ ತಾಕುವಂತೆ ಬರಿಯ ಮಣ್ಣು ತೆರೆದಿರಬೇಕು. ಕೈಪಿಡಿಯ ಸಂತಾನೋತ್ಪತ್ತಿ ವಿಭಾಗದಲ್ಲಿ ಈ ತಿಳಿವಳಿಕೆಯ ಮೂಲಾಂಶಗಳೆಲ್ಲ ಇವೆ. ಆದರೆ ಉಪಯೋಗಗಳ ವಿಭಾಗ ಅದನ್ನು ಓದಿದಂತೆ ಕಾಣುವುದಿಲ್ಲ! ಕಡಿದ ಮರ ಮತ್ತೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ.

1990ರ ಪುಸ್ತಕ 2000ದ ಸಂಶೋಧನೆಯನ್ನು ತಿಳಿದಿರಬೇಕಿತ್ತು ಎಂದು ದೂರುವುದು ಅನ್ಯಾಯ. ಇಲ್ಲಿನ ಆಕ್ಷೇಪಣೆ ಬೇರೆ. ಉಪಯೋಗಗಳನ್ನು ಸನ್ನಿವೇಶದಿಂದ ಬಿಡಿಸಿ ಬರೆದದ್ದರಿಂದ, ಸನ್ನಿವೇಶ ಬದಲಾದಾಗ ಯಾವ ವಾಕ್ಯವನ್ನು ತಿದ್ದಬೇಕೆಂಬುದು ಓದುಗನಿಗೆ ತಿಳಿಯದೆ ಹೋಯಿತು. 'ಇಂಥ ನೆಲೆಯಲ್ಲಿ, ಇಷ್ಟು ನೀರಿರುವಾಗ, ಇಷ್ಟು ವರ್ಷಕ್ಕೆ ಮರ ಸಿಗುತ್ತದೆ' ಎಂದು ಬರೆದಿದ್ದರೆ ಅದೇ ವಾಕ್ಯ ಇಂದು ಎಚ್ಚರಿಕೆಯ ಗಂಟೆಯಾಗುತ್ತಿತ್ತು.

ತರಗತಿಯಲ್ಲಿ ಏನು ಮಾಡಬಹುದು?

ಒಟ್ಟಿನಲ್ಲಿ ಈ ಅಧ್ಯಾಯ ಮರದ ಜೀವನವನ್ನು ಕುರಿತಂತೆ ಇಂದಿಗೂ ನಂಬಿ ಓದಬಹುದಾದ ಕೃತಿ. ಉಪಯೋಗಗಳನ್ನು ಕುರಿತಂತೆ ಎಚ್ಚರದಿಂದ ಓದಬೇಕಾದ ಕೃತಿ. ಶಾಲೆಯ ನಾಲ್ಕು ಅಂಕದ ಉತ್ತರದಲ್ಲಿರುವ ದೋಷವೇ ಇಲ್ಲಿ ಪಂಡಿತರ ಉಡುಪಿನಲ್ಲಿದೆ.

ಅಧ್ಯಾಪಕರು ಇದನ್ನು ಸುಲಭವಾಗಿ ಸರಿಪಡಿಸಬಹುದು. 'ನಾಲ್ಕು ಉಪಯೋಗ ಬರೆಯಿರಿ' ಎನ್ನುವ ಬದಲು ಒಂದೇ ಉಪಯೋಗವನ್ನು ತೆಗೆದುಕೊಂಡು ನಾಲ್ಕು ಪ್ರಶ್ನೆ ಕೇಳಲಿ. ಮರದ ಯಾವ ರಚನೆ ಅಥವಾ ರಾಸಾಯನಿಕದಿಂದ ಈ ಉಪಯೋಗ ಸಾಧ್ಯವಾಯಿತು? ಮರಕ್ಕೆ ಸ್ವತಃ ಅದರಿಂದ ಏನು ಪ್ರಯೋಜನ? ಯಾರು ಬಳಸುತ್ತಿದ್ದಾರೆ, ಅವರಿಗೆ ಅದು ಹೇಗೆ ತಿಳಿಯಿತು? ಮಳೆ, ಬಿಸಿಲು, ಬೆಂಕಿ, ಕೀಟ ಇವುಗಳಲ್ಲಿ ಯಾವುದು ಬದಲಾದರೆ ಈ ಉಪಯೋಗ ನಿಂತುಹೋಗುತ್ತದೆ? ಉತ್ತರಕ್ಕೆ ಅಲಾಸ್ಕಕ್ಕೆ ಹೋಗಬೇಕಾಗಿಲ್ಲ. ಶಾಲೆಯ ಅಂಗಳದ ಹೊಂಗೆ, ಊರ ಹೊರಗಿನ ಹುಣಸೆ, ಬೇಲಿಯ ಬಿದಿರು ಸಾಕು. ವಿದ್ಯಾರ್ಥಿಗಳು ಬಡಗಿಯನ್ನು, ಮೇದಾರರನ್ನು, ಗಾಣದವರನ್ನು ಮಾತನಾಡಿಸಿ ಬರಲಿ. ಹಾಗೆ ಬರೆದ ಉತ್ತರದಲ್ಲಿ ಮರದ ಹೆಸರನ್ನು ಬದಲಿಸಿ ನೋಡಿ: ಉತ್ತರ ತಪ್ಪಾಗುತ್ತದೆ. ಅದು ಆ ಮರವನ್ನೇ ಕುರಿತ ಉತ್ತರ ಎಂಬುದಕ್ಕೆ ಅದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.